ಜಗಲಿಯ ಬಲ್ಬು ಆರಿಸಿ ನೋಡಿ

ಪೇಟೆ ಬಿಟ್ಟು ನಮ್ಮ ಸಕಲೇಶಪುರದ ಕಡೆ ತೋಟ, ಮನೆ ಮಾಡಿದ ಹೊಸಬರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ಅಜ್ಜಿ, ಹಾವು ಬರದ ಹಾಗೆ ಏನು ಹಾಕಬೇಕು?" ಅಷ್ಟರಲ್ಲಿ ಬೆಳ್ಳುಳ್ಳಿ ನೀರು, ಫಿನಾಯಿಲ್ ಎಲ್ಲ ಚೆಲ್ಲಿ ಆಗಿರುತ್ತದೆ. ಅದರಿಂದ ಹಾವು ಓಡಿದ್ದನ್ನು ನಾನಂತೂ ಕಂಡಿಲ್ಲ. ಏನೂ ಹಾಕಬೇಡಿ, ಜಗಲಿಯ ಬಲ್ಬು ಆರಿಸಿ ಅನ್ನುತ್ತೇನೆ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗಮನಿಸಿ. ಬೆಳ್ಳಗೆ ಉರಿಯುವ ಬಲ್ಬಿಗೆ ರೆಕ್ಕೆ ಬಂದ ಗೆದ್ದಲು ಮುತ್ತುತ್ತವೆ. ಅವನ್ನು ತಿನ್ನಲು ಕಪ್ಪೆ ಬರುತ್ತದೆ. ಕಪ್ಪೆಯ ಹಿಂದೆ ಹಾವು. ನಾವೇ ಊಟಕ್ಕೆ ಕರೆದು, ಬಂದ ಮೇಲೆ ದೊಣ್ಣೆ ಹುಡುಕುತ್ತೇವೆ, ಅಲ್ವಾ? ದೀಪ ಬೇಕೇ ಬೇಕು ಅಂದರೆ ಹಳದಿ ಬಲ್ಬು ಹಾಕಿ, ಅದಕ್ಕೆ ಹುಳ ಕಡಿಮೆ. ಹೊರಗೆ ಹೋಗುವಾಗ ಟಾರ್ಚ್ ಹಿಡಿಯಿರಿ. ಮಳೆಗೆ ಮುಂಚೆ ಮಿಣುಕುಹುಳ ಬರುವ ದಿನಗಳಲ್ಲಿ ಹಳದಿಯೂ ಬೇಡ. ಗಂಡು, ಹೆಣ್ಣು ಒಂದನ್ನೊಂದು ಹುಡುಕುವುದೇ ಆ ಮಿಣುಕಿನಿಂದ. ನಮ್ಮ ಬಲ್ಬಿನ ಎದುರು ಅವುಗಳ ದೀಪ ಎಲ್ಲಿ ಕಂಡೀತು?

ಸೌದೆಯನ್ನು ಮನೆಗೋಡೆಗೆ ಒರಗಿಸಿ ಒಟ್ಟಬೇಡಿ. ಸ್ವಲ್ಪ ದೂರದಲ್ಲಿ, ಕೆಳಗೆ ಕಲ್ಲು ಕೊಟ್ಟು ಎತ್ತರಕ್ಕೆ ಒಟ್ಟಿ. ಕೋಳಿಗೆ ಹಾಕಿದ ನುಚ್ಚು ರಾತ್ರಿ ಅಂಗಳದಲ್ಲಿ ಉಳಿದರೆ ಇಲಿ ಬರುತ್ತದೆ, ಇಲಿಗೆ ಕೇರೆಹಾವು ಬರುತ್ತದೆ. ಕೇರೆಗೆ ವಿಷ ಇಲ್ಲ. ನಮ್ಮ ಬೆಕ್ಕಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಲೂ ಕೇಳುವುದಿಲ್ಲ. ಹಾಗಂತ ಕೇರೆಯೋ ನಾಗರವೋ ಅಂತ ಬಗ್ಗಿ ನೋಡುವ ಧೈರ್ಯ ಬೇಡ. ದೂರ ನಿಂತು ದಾರಿ ಬಿಡಿ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಬೇಡಿ, ಮಂಚ ಮತ್ತು ಸೊಳ್ಳೆಪರದೆ ಇರಲಿ. ಕಟ್ಟುಹಾವು ರಾತ್ರಿ ಓಡಾಡುವ ವಿಷದ ಹಾವು, ಅದು ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಯಾವ ಹಾವೇ ಕಚ್ಚಲಿ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬೇರು ಅರೆಯುವುದು ಬೇಡವೇ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಆನೆ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಮೊಮ್ಮಕ್ಕಳು ಬರುತ್ತಾರೆ, ಕಡುಬು ಮಾಡೋಣ ಅಂತ ಎರಡು ಹಲಸಿನ ಹಣ್ಣು ಕೊಯ್ಯಿಸಿ ಹಿತ್ತಲ ಕೋಣೆಯಲ್ಲಿ ಇಟ್ಟಿದ್ದೆ. ಮನೆಯೆಲ್ಲ ಘಮಘಮ. ಆ ಘಮ ನಮಗೆ ಮಾತ್ರ ಅಂದುಕೊಂಡದ್ದು ತಪ್ಪು. ಬೆಳಗಿನ ಜಾವ ಬಾಗಿಲು ಚೌಕಟ್ಟಿನ ಸಮೇತ ಅಂಗಳದಲ್ಲಿತ್ತು. ಸಿಪ್ಪೆಯನ್ನೂ ಬಿಟ್ಟಿರಲಿಲ್ಲ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಬೇಸರಕ್ಕಿಂತ ನಾಚಿಕೆ ಜಾಸ್ತಿ ಆಯಿತು.

ಅವತ್ತಿನಿಂದ ಮನೆ ಹತ್ತಿರದ ಹಲಸನ್ನು ಹಣ್ಣಾಗಲು ಬಿಡುವುದಿಲ್ಲ. ಎಳೆಯದು ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಮಿಕ್ಕ ತೊಳೆ ಉಪ್ಪಿನಲ್ಲಿ ಭರಣಿಗೆ. ಸಿಪ್ಪೆಯನ್ನು ಅವತ್ತೇ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯುತ್ತೇವೆ. ಆದರೆ ಹಳ್ಳದ ಆಚೆ, ಕಾಡಿನ ಅಂಚಿನ ಮರಗಳಿಗೆ ಕೈ ಹಚ್ಚುವುದಿಲ್ಲ. ಆನೆಗೆ ಹೆದರಿ ಹಲಸಿನ ಮರವನ್ನೇ ಕಡಿಸುವವರಿದ್ದಾರೆ, ನನಗದು ಸರಿ ಕಾಣುವುದಿಲ್ಲ. ಅಲ್ಲಿ ತಿನ್ನಲು ಸಿಕ್ಕದಿದ್ದರೆ ಅದು ಇಲ್ಲಿಗೇ ಬರಬೇಕಲ್ಲ! ಆನೆ ಓಡಾಡುತ್ತಿದೆ ಅಂತ ಸುದ್ದಿ ಬಂದ ದಿನ ಬಿಸಿಲೇರುವ ತನಕ ತೋಟಕ್ಕೆ ಇಳಿಯಬೇಡಿ. ನಾಯಿಯನ್ನು ಜೊತೆಗೆ ಒಯ್ಯಬೇಡಿ. ಅದು ಬೊಗಳಿ ಆನೆಯನ್ನು ಕೆಣಕುತ್ತದೆ, ಆಮೇಲೆ ಓಡಿ ಬರುವುದು ನಿಮ್ಮ ಹತ್ತಿರಕ್ಕೇ.

ಸೋಪು ಬಿಟ್ಟು ಅಂಟುವಾಳ ಹಿಡಿದ ಹುಡುಗಿಯರು ಈಗ ಹಳ್ಳದಲ್ಲೇ ಬಟ್ಟೆ ಒಗೆಯುತ್ತಾರೆ. ಮರದ ಕಾಯಿ ತಾನೇ, ಏನೂ ಆಗಲ್ಲ ಅನ್ನುತ್ತಾರೆ. ಆಗುತ್ತದೆ. ಅಂಟುವಾಳದ ನೊರೆ ಮೀನಿಗೆ ವಿಷ. ಹಿಂದೆ ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನು ತೇಲಿಸುತ್ತಿದ್ದರು, ಇದೂ ಅದೇ ಜಾತಿಯ ನೊರೆ. ಒಗೆದ ನೀರು ಬಾಳೆ ಬುಡಕ್ಕೆ ಹೋಗಲಿ. ನಮ್ಮ ಹಳ್ಳ ಹೇಮಾವತಿಗೆ ಸೇರಿ ಗೊರೂರು ಅಣೆಕಟ್ಟಿಗೆ ಹೋಗುತ್ತದೆ, ಕೆಳಗಿನವರು ಅದೇ ನೀರು ಕುಡಿಯುತ್ತಾರೆ.

ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಅಂಗಳದ ತುಂಬ ಉಪ್ಪು ಎರಚಬೇಡಿ, ಎರೆಹುಳು ಸಾಯುತ್ತದೆ, ಹೂವಿನ ಗಿಡ ಒಣಗುತ್ತದೆ. ಉಪ್ಪಿನ ಸಣ್ಣ ಗಂಟು ಸೊಂಟದಲ್ಲಿರಲಿ, ಹತ್ತಿದ್ದಕ್ಕೆ ಮುಟ್ಟಿಸಿದರೆ ಸಾಕು. ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ, ಒತ್ತಿ ಹಿಡಿಯಿರಿ.

ಹಳೇ ಗೋಡೆಯಲ್ಲಿ ಮುಜಂಟಿ ಜೇನು ಇದ್ದರೆ ಗಾರೆ ಮೆತ್ತಬೇಡಿ. ಕೆಲವರು ಮಿಸರಿ ಅನ್ನುತ್ತಾರೆ, ನೊಣಕ್ಕಿಂತ ಚಿಕ್ಕದು, ಕುಟುಕುವುದಿಲ್ಲ. ನಮ್ಮಲ್ಲಿ ರಿಪೇರಿ ಮಾಡುವಾಗ ಮೇಸ್ತ್ರಿ ತೂತು ಮುಚ್ಚಲು ಹೊರಟಿದ್ದ. ಅರ್ಧ ಇಂಚಿನ ಪೈಪಿನ ತುಂಡು ಸಿಕ್ಕಿಸಿ, ಸುತ್ತ ಮಾತ್ರ ಗಾರೆ ಹಾಕು ಅಂದೆ. ಎರಡು ದಿನ ಗೋಡೆ ಮುಂದೆ ಸುಮ್ನೆ ಸುತ್ತಿದವು. ಆಮೇಲೆ ಪೈಪಿನ ಬಾಯಿಗೆ ತಮ್ಮದೇ ಮೇಣದ ಕೊಳವೆ ಕಟ್ಟಿಕೊಂಡವು. ಮೇಸ್ತ್ರಿ ಈಗಲೂ ನಮ್ಮ ಮನೆಗೆ ಬಂದರೆ ಕಾಫಿ ಕುಡಿಯುವ ಮೊದಲು ಅದನ್ನು ಒಮ್ಮೆ ಬಗ್ಗಿ ನೋಡುತ್ತಾನೆ.