ಕಾಲು ಊದಿದ್ದರೂ ಕೈ ಮೊದಲು ಕತ್ತಿಗೆ: ಲಿಂಫ್ ಡ್ರೈನೇಜ್ ನಾನು ಮಾಡುವ ರೀತಿ

ಮಂಡಿ ಆಪರೇಶನ್ ಆಗಿ ಕಾಲು ಊದಿಸಿಕೊಂಡು ಬಂದವರನ್ನು ಮಲಗಿಸಿ ನಾನು ಮೊದಲು ಕೈ ಇಡುವುದು ಕತ್ತಿನ ಬುಡದಲ್ಲಿ. ಹೆಚ್ಚಿನವರು "ಅಲ್ಲಲ್ಲ, ಊತ ಇರೋದು ಕೆಳಗೆ" ಎಂದು ಕಾಲು ತೋರಿಸುತ್ತಾರೆ. ಎರಡೂ ಕಾಲು, ಹೊಟ್ಟೆ, ಎಡಗೈ, ಎದೆ ಮತ್ತು ತಲೆಯ ಎಡಭಾಗ ಇಷ್ಟರಿಂದಲೂ ಹೊರಟ ದುಗ್ಧರಸ (ಲಿಂಫ್, ಅಂಗಾಂಶಗಳಲ್ಲಿ ಉಳಿದ ನೀರು ರಕ್ತಕ್ಕೆ ಮರಳುವಾಗಿನ ರೂಪ) ಕೊನೆಗೆ ರಕ್ತಕ್ಕೆ ಸೇರುವುದು ಎಡ ಕಾಲರ್‌ಬೋನ್ ಹಿಂದೆ, ಕತ್ತಿನಿಂದ ಇಳಿಯುವ ರಕ್ತನಾಳವೂ ತೋಳಿನಿಂದ ಬರುವ ರಕ್ತನಾಳವೂ ಕೂಡುವ ಮೂಲೆಯಲ್ಲಿ. ಬಲಗೈ, ಬಲ ಎದೆ, ತಲೆಯ ಬಲಭಾಗಕ್ಕೆ ಮಾತ್ರ ಬಲಗಡೆ ಬೇರೆ ದಾರಿ. ಈ ಕೊನೆಯನ್ನು ಬಿಡಿಸಿಕೊಳ್ಳದೆ ಕಾಲನ್ನೇ ನೀವುತ್ತ ಕೂತರೆ, ಬಚ್ಚಲ ತೂಬಿಗೆ ಕಸ ಕಟ್ಟಿರುವಾಗ ನೀರು ಗುಡಿಸಿದ ಹಾಗಾಗುತ್ತದೆ.

ಕಲಿಯುವವರು ಎಡವುವುದು ಮುಖ್ಯವಾಗಿ ಒತ್ತಡದಲ್ಲಿ. ಚರ್ಮದ ಅಡಿಯಲ್ಲೇ ಶುರುವಾಗುವ ಮೊದಲ ದುಗ್ಧನಾಳಗಳ ಗೋಡೆ ಒಂದೇ ಪದರ ಕೋಶದ್ದು. ಆ ಕೋಶಗಳನ್ನು ಸುತ್ತಲಿನ ಅಂಗಾಂಶಕ್ಕೆ ಸಣ್ಣ ಎಳೆಗಳು ಹಿಡಿದಿರುತ್ತವೆ. ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದಾಗ ಎಳೆಗಳು ಬಿಗಿಯಾಗಿ, ಕೋಶಗಳ ನಡುವೆ ಸಂದು ಬಿಟ್ಟು ನೀರು ಒಳಗೆ ಹೋಗುತ್ತದೆ. ಗಟ್ಟಿಯಾಗಿ ಒತ್ತಿದರೆ ನಾಳವೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಆ ಜಾಗಕ್ಕೆ ರಕ್ತ ನುಗ್ಗಿ, ಸೂಕ್ಷ್ಮ ರಕ್ತನಾಳಗಳಿಂದ ಹೊಸದಾಗಿ ನೀರು ಹೊರಬರುತ್ತದೆ. ಅಂದರೆ ಇಳಿಸಲು ಹೊರಟವರು ಊತಕ್ಕೆ ಇನ್ನಷ್ಟು ಸೇರಿಸಿದಂತೆ. ಚರ್ಮ ಕೆಂಪಾಯಿತೆಂದರೆ ಒತ್ತಡ ಹೆಚ್ಚಾಗಿದೆ ಎಂದೇ ಲೆಕ್ಕ. ಸಾಮಾನ್ಯವಾಗಿ ಹೇಳಿಕೊಡುವ ಮಿತಿ 30ರಿಂದ 40 ಮಿ.ಮೀ. ಪಾದರಸ. ಚದರ ಸೆಂ.ಮೀ.ಗೆ ಸುಮಾರು 40ರಿಂದ 55 ಗ್ರಾಂ ಭಾರ ಬಿದ್ದ ಹಾಗೆ, ಅದೂ ಹೆಚ್ಚೆಂದರೆ. ನನ್ನ ಪರೀಕ್ಷೆ ಇನ್ನೂ ಸರಳ: ಬೆರಳಿನ ಜೊತೆ ಚರ್ಮ ಸರಿಯಬೇಕು, ಒಳಗಿನ ಸ್ನಾಯು ಬೆರಳಿಗೆ ತಾಗಬಾರದು.

ಎಣ್ಣೆ ಹಚ್ಚುವುದಿಲ್ಲ. ಎಣ್ಣೆಯಲ್ಲಿ ಕೈ ಜಾರುತ್ತದೆ, ಚರ್ಮ ಎಳೆಯುವುದಿಲ್ಲ. ಬೆವರಿದ್ದರೆ ಒರೆಸಿ ಶುರು ಮಾಡುತ್ತೇನೆ. ಬೆರಳುಗಳನ್ನು ಚಪ್ಪಟೆಯಾಗಿಟ್ಟು ಅರ್ಧವೃತ್ತದಲ್ಲಿ ಚರ್ಮವನ್ನು ತಳ್ಳಿ, ಪೂರ್ತಿ ಸಡಿಲ ಬಿಡುತ್ತೇನೆ. ಚರ್ಮ ತಾನಾಗಿ ಹಿಂದೆ ಬರಬೇಕು, ನಾವು ಎಳೆದು ತರುವುದಲ್ಲ. ಒಂದೊಂದು ಜಾಗದಲ್ಲಿ 5ರಿಂದ 7 ಸಲ. ದೊಡ್ಡ ದುಗ್ಧನಾಳಗಳು ತಾವೇ ನಿಮಿಷಕ್ಕೆ ಆರರಿಂದ ಹತ್ತು ಸಲ ಸಂಕುಚಿಸುತ್ತವೆ. ಆ ನಿಧಾನಕ್ಕೆ ಕೈಯೂ ಒಗ್ಗಬೇಕು. ಅವಸರದ ಕೈಗೆ ಈ ಕೆಲಸ ಒಲಿಯುವುದಿಲ್ಲ. ಈ ಪದ್ಧತಿಯನ್ನು 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದ ಡೆನ್ಮಾರ್ಕಿನ ವೋಡರ್ ದಂಪತಿ ರೂಪಿಸಿದರು. ಮುಂದೆ ಜರ್ಮನಿಯ ವೈದ್ಯ ಫೋಲ್ಡಿ ಇದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ಲಿಂಫಿಡೀಮಾ (ದುಗ್ಧರಸ ಸರಿಯಾಗಿ ಹರಿಯದೆ ನಿಲ್ಲುವ ಊತ) ಚಿಕಿತ್ಸೆಯಾಗಿ ಬೆಳೆಸಿದರು.

ಯಾರನ್ನು ಮುಟ್ಟಬಾರದು ಎಂಬುದು ಹೇಗೆ ಮುಟ್ಟಬೇಕು ಎಂಬುದಕ್ಕಿಂತ ಮೊದಲು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು; ಸೀದಾ ಆಸ್ಪತ್ರೆಗೆ ಕಳಿಸುತ್ತೇನೆ. ಆಪರೇಶನ್ ಆದವರಲ್ಲಿ ಈ ಅನುಮಾನ ಎರಡು ಪಟ್ಟು ಇಟ್ಟುಕೊಳ್ಳಬೇಕು. ಕೆಂಪು, ಬಿಸಿ, ಜ್ವರ ಮೂರೂ ಇದ್ದರೆ ಸೋಂಕು. ಎರಡೂ ಕಾಲು ಊದಿ, ಮಲಗಿದರೆ ಏದುಸಿರು ಬರುತ್ತಿದ್ದರೆ ಹೃದಯ ನೋಡಿಸಬೇಕು. ಕಾಲಿನ ನೀರನ್ನು ನಾವು ಮೇಲೆ ತಳ್ಳಿದರೆ ಮೊದಲೇ ಸೋತ ಹೃದಯಕ್ಕೆ ಭಾರ ಹೆಚ್ಚುತ್ತದೆ. ಮೂತ್ರಪಿಂಡ ಕೆಲಸ ಮಾಡದವರಿಗೂ ಇದೇ ಮಾತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅವರ ವೈದ್ಯರ ಒಪ್ಪಿಗೆ ಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ, ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೆ, ವಯಸ್ಸು 60 ದಾಟಿದ್ದರೆ ಕತ್ತಿನ ಪಕ್ಕಗಳನ್ನು ಬಿಟ್ಟು, ಭುಜ ತಿರುಗಿಸುವುದು ಮತ್ತು ಉಸಿರಾಟದಲ್ಲೇ ಕೆಲಸ ಮುಗಿಸುತ್ತೇನೆ. ಗರ್ಭಿಣಿಯರ ಹೊಟ್ಟೆಯ ಮೇಲೆ ಕೈ ಇಲ್ಲ.

ಆಮೇಲೆ ಅಳತೆ. ಪಾದದ ಗಂಟಿನಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ, ಎರಡೂ ಕಾಲಿಗೆ ಟೇಪು ಸುತ್ತಿ ಬರೆದಿಡುತ್ತೇನೆ. ಪ್ರತಿ ಸಲವೂ ದಿನದ ಅದೇ ಹೊತ್ತಿಗೆ ಅಳೆಯಬೇಕು, ಏಕೆಂದರೆ ಸಂಜೆಯ ಕಾಲು ಬೆಳಗಿನ ಕಾಲಲ್ಲ. ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಉಳಿದರೆ ಇನ್ನೂ ನೀರಿನ ಊತ, ಇಳಿಯುವಂಥದ್ದು. ಕಾಲಿನ ಎರಡನೇ ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಲು ಬರದಿದ್ದರೆ ಅದು ಲಿಂಫಿಡೀಮಾದ ಲಕ್ಷಣ. ಸ್ಟೆಮರ್ ಪರೀಕ್ಷೆ ಎನ್ನುತ್ತಾರೆ. ಎರಡೂ ಕಾಲು ಸಮನಾಗಿ ದಪ್ಪಗಿದ್ದು, ಪಾದ ಮಾತ್ರ ತೆಳ್ಳಗಿದ್ದು, ಸುಮ್ಮನೆ ಮುಟ್ಟಿದರೂ ನೋವು ಎಂದರೆ ಅದು ಲಿಪಿಡೀಮಾ ಇರಬಹುದು. ಅದು ಕೊಬ್ಬಿನ ತೊಂದರೆ, ನೀವಿ ಇಳಿಸುವಂಥದ್ದಲ್ಲ.

ಈಗ ಕ್ರಮ. ಬೆನ್ನ ಮೇಲೆ ಮಲಗಿಸಿ, ಮಂಡಿಯ ಕೆಳಗೆ ದಿಂಬು, ಮೇಲೆ ಹೊದಿಕೆ. ಇಷ್ಟು ನಿಧಾನದ ಕೆಲಸದಲ್ಲಿ ಮೈ ತಣ್ಣಗಾಗುತ್ತದೆ, ಚಳಿಯಾದವರು ಸಡಿಲಾಗುವುದಿಲ್ಲ. ಎರಡೂ ಕಾಲರ್‌ಬೋನ್‌ಗಳ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಒಳಕ್ಕೆ, ಕೆಳಕ್ಕೆ ಅರ್ಧವೃತ್ತ. ನಂತರ ಹೊಟ್ಟೆಯಿಂದ ಆಳವಾದ ಐದು ಉಸಿರು. ಹೊಟ್ಟೆ ಮೇಲೇಳುವಾಗ ನನ್ನ ಅಂಗೈ ಸ್ವಲ್ಪ ತಡೆ ಕೊಡುತ್ತದೆ, ಬಿಡುವಾಗ ಹಿಂಬಾಲಿಸುತ್ತದೆ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಇಳಿದು ಏರುವಾಗ ಎದೆಯೊಳಗಿನ ಒತ್ತಡ ಬದಲಾಗಿ ದೊಡ್ಡ ದುಗ್ಧನಾಳ ಖಾಲಿಯಾಗುತ್ತದೆ. ಆಳದ ನಾಳಕ್ಕೆ ಇದಕ್ಕಿಂತ ಒಳ್ಳೆಯ ಮಾಲೀಶು ಇಲ್ಲ. ಹಾಗಾಗಿ ಮನೆಯಲ್ಲಿ ಮಾಡಿಕೊಳ್ಳಲು ಹೇಳಿಕೊಡುವುದೂ ಮೊದಲು ಇದನ್ನೇ.

ಆಮೇಲೆ ತೊಡೆಸಂದಿನ ಗ್ರಂಥಿಗಳು, ಅಂದರೆ ದುಗ್ಧರಸ ಸೋಸುವ ಸಣ್ಣ ಗಂಟುಗಳು. ಅಲ್ಲಿಂದ ತೊಡೆಯ ಮೇಲಿನ ಮೂರನೇ ಒಂದು ಭಾಗ, ಮಧ್ಯ, ಕೆಳಭಾಗ, ಹೀಗೆ ಇಳಿಯುತ್ತ ಹೋಗುತ್ತೇನೆ. ಕೈ ಇಳಿದರೂ ಪ್ರತಿ ತಳ್ಳುವಿಕೆಯ ದಿಕ್ಕು ಮೇಲಕ್ಕೇ. ಮಂಡಿಯ ಹಿಂದಿನ ಗುಳಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು, ಏಕೆಂದರೆ ಅಲ್ಲೂ ಗ್ರಂಥಿಗಳಿವೆ. ಹೊಲಿಗೆ ಹಾಕಿದ ಜಾಗ ಪೂರ್ತಿ ಮಾಯುವವರೆಗೆ ಅದರ ಮೇಲೆ ಕೈ ಇಡುವುದಿಲ್ಲ, ಗಾಯದಿಂದ ಚರ್ಮವನ್ನು ದೂರ ಎಳೆಯುವುದೂ ಇಲ್ಲ. ಮೀನಖಂಡ, ಪಾದದ ಗಂಟಿನ ಎರಡೂ ಪಕ್ಕ, ಕೊನೆಗೆ ಪಾದ. ಅಲ್ಲಿಂದ ಬಂದ ದಾರಿಯಲ್ಲೇ ಮೇಲೆ, ಬೇಗ. ಒಟ್ಟು 40–45 ನಿಮಿಷ. ಮುಗಿದ ಮೇಲೆ ಹಲವರಿಗೆ ಮೂತ್ರಕ್ಕೆ ಅವಸರವಾಗುತ್ತದೆ, ಅದು ಸಹಜ.

ಕ್ಯಾನ್ಸರ್ ಆಪರೇಶನ್‌ನಲ್ಲಿ ಗ್ರಂಥಿಗಳನ್ನೇ ತೆಗೆದಿದ್ದರೆ ದಾರಿ ಬದಲಾಗುತ್ತದೆ. ಚರ್ಮದ ದುಗ್ಧರಸಕ್ಕೆ ಮೈಮೇಲೆ ಗಡಿಗಳಿವೆ: ನಡುಗೆರೆ ಒಂದು, ಹೊಕ್ಕುಳ ಮಟ್ಟದಲ್ಲಿ ಇನ್ನೊಂದು. ಒಂದೊಂದು ಭಾಗದ ನೀರು ಅದರದೇ ಕಂಕುಳಿಗೋ ತೊಡೆಸಂದಿಗೋ ಹೋಗುತ್ತದೆ. ಆದರೆ ಗಡಿ ದಾಟುವ ಸಣ್ಣ ನಾಳಗಳೂ ಇವೆ. ಸ್ತನದ ಆಪರೇಶನ್ ಆಗಿ ಬಲಗೈ ಊದಿದ್ದರೆ ನಾನು ಮೊದಲು ಎಡ ಕಂಕುಳು ಮತ್ತು ಬಲ ತೊಡೆಸಂದು ಖಾಲಿ ಮಾಡಿ, ಎದೆಯ ಮೇಲಿಂದ ಎಡಕ್ಕೂ ಪಕ್ಕೆಯ ಮೇಲಿಂದ ಕೆಳಕ್ಕೂ ನೀರು ತಿರುಗಿಸುತ್ತೇನೆ. ತೋಳಿನ ಸರದಿ ಆಮೇಲೆ. ರೇಡಿಯೇಶನ್‌ನಿಂದ ಗಟ್ಟಿಯಾದ ಚರ್ಮವನ್ನು ಸುತ್ತಿಕೊಂಡು ಹೋಗಬೇಕು, ಮೇಲೆ ಹಾಯಬಾರದು.

ಇಷ್ಟೆಲ್ಲ ಮಾಡಿ ಬ್ಯಾಂಡೇಜ್ ಕಟ್ಟದೆ ಕಳಿಸಿದರೆ ಲಿಂಫಿಡೀಮಾದಲ್ಲಿ ರಾತ್ರಿಯೊಳಗೆ ಊತ ವಾಪಸ್. ಕಟ್ಟುವುದು ಸಾಮಾನ್ಯ ಕ್ರೇಪ್ ಬ್ಯಾಂಡೇಜ್ ಅಲ್ಲ, ಕಡಿಮೆ ಹಿಗ್ಗುವ ಶಾರ್ಟ್ ಸ್ಟ್ರೆಚ್. ನಡೆಯುವಾಗ ಸ್ನಾಯು ಉಬ್ಬಿ ಅದಕ್ಕೆ ಒತ್ತಿ ನೀರು ಮೇಲೇರುತ್ತದೆ, ಮಲಗಿದಾಗ ಹೆಚ್ಚು ಬಿಗಿಯುವುದಿಲ್ಲ. ಕ್ರೇಪ್ ಇದಕ್ಕೆ ತಿರುಗಾಮುರುಗ. ಒಳಗೆ ಹತ್ತಿಯ ಕೊಳವೆಬಟ್ಟೆ, ಅದರ ಮೇಲೆ ಮೆತ್ತೆ, ಪಾದದ ಗಂಟಿನ ಹಿಂದಿನ ಗುಳಿಗೆ ಫೋಮ್ ತುಂಡು. ಪಾದಕ್ಕೆ 6 ಅಥವಾ 8 ಸೆಂ.ಮೀ. ಅಗಲದ್ದು, ಮೇಲಕ್ಕೆ 10 ಸೆಂ.ಮೀ.ಯದ್ದು, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ. ಒತ್ತಡ ಕೆಳಗೆ ಹೆಚ್ಚು, ಮೇಲೆ ಕಡಿಮೆ ಇರಬೇಕು. ತಪ್ಪಿ ಮಂಡಿಯ ಕೆಳಗೆ ಒಂದು ಸುತ್ತು ಬಿಗಿಯಾದರೆ ಅದರ ಕೆಳಗಷ್ಟೂ ಊದುತ್ತದೆ. ಕಾಲಿನ ರಕ್ತಸಂಚಾರ ಮೊದಲೇ ಕಡಿಮೆಯಿರುವವರಿಗೆ ಕಟ್ಟುವುದೇ ಇಲ್ಲ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ ಎಂದು ಹೇಳಿ, ಬಿಚ್ಚುವುದನ್ನು ತೋರಿಸಿಯೇ ಕಳಿಸುತ್ತೇನೆ.

ಓಟ, ಜಿಮ್ ಮುಗಿಸಿ ಬರುವವರದು ಬೇರೆಯೇ ಲೆಕ್ಕ. "ಲ್ಯಾಕ್ಟಿಕ್ ಆಸಿಡ್ ತೆಗೀರಿ" ಎನ್ನುತ್ತಾರೆ. ಅದು ಸುಮಾರು ಒಂದು ಗಂಟೆಯಲ್ಲಿ ತಾನಾಗಿ ಹೋಗಿರುತ್ತದೆ. ಒಂದೆರಡು ದಿನ ಬಿಟ್ಟು ಏರುವ ನೋವು ಸ್ನಾಯುವಿನ ಸೂಕ್ಷ್ಮ ಪೆಟ್ಟಿನದು. ಮಾಲೀಶಿನಿಂದ ಆ ನೋವು ಸ್ವಲ್ಪ ತಗ್ಗುತ್ತದೆ, ಮೈ ಹಗುರಾಗಿ ನಿದ್ದೆ ಬರುತ್ತದೆ. ಶಕ್ತಿ ಬೇಗ ಮರಳುತ್ತದೆ ಎಂಬ ಭರವಸೆ ಮಾತ್ರ ನಾನು ಕೊಡುವುದಿಲ್ಲ. ಇಲ್ಲಿ ಎಣ್ಣೆ ಬೇಕು, ಒಂದು ಕಾಲಿಗೆ ಒಂದು ಚಮಚ ಸಾಕು. ಉದ್ದುದ್ದ ನೀವಿ, ಮೀನಖಂಡವನ್ನು ಎತ್ತಿ ಹಿಸುಕಿ ಬಿಟ್ಟು, ಕಾಲಿಗೆ 10–15 ನಿಮಿಷ. ನೋವನ್ನು ಹತ್ತರಲ್ಲಿ ಐದು ಎನ್ನುವಷ್ಟಕ್ಕೆ ನಿಲ್ಲಿಸುತ್ತೇನೆ. ಅದರಾಚೆ ಸ್ನಾಯು ಸೆಟೆದುಕೊಳ್ಳುತ್ತದೆ. ತೊಡೆಗೆ ಪೆಟ್ಟು ಬಿದ್ದು ರಕ್ತ ಕಟ್ಟಿದ್ದರೆ ಮೊದಲ ದಿನಗಳಲ್ಲಿ ಹಿಸುಕುವ ಮಾತೇ ಬೇಡ. ಒಳಗೆ ಮತ್ತೆ ರಕ್ತ ಸೋರುತ್ತದೆ, ಕೆಲವೊಮ್ಮೆ ಸ್ನಾಯುವಿನಲ್ಲೇ ಮೂಳೆ ಬೆಳೆಯುವುದೂ ಉಂಟು. ಈ ಆಳದ ಮಾಲೀಶನ್ನು ಲಿಂಫಿಡೀಮಾ ಇರುವ ಕೈಕಾಲಿಗೆ ಯಾವತ್ತೂ ಮಾಡಬಾರದು. ಇನ್ನು ಲಿಂಫ್ ಡ್ರೈನೇಜ್ ವಿಷ ಹೊರಹಾಕುತ್ತದೆ, ತೂಕ ಇಳಿಸುತ್ತದೆ ಎಂಬ ಜಾಹೀರಾತು: ಮುಖ ಸಣ್ಣಗಾದದ್ದು ನಿಜವೇ, ಆದರೆ ಅದು ನೀರು, ಕೆಲವೇ ಗಂಟೆಗಳ ಮಾತು.

ಆನೆಕಾಲಿನವರ ಬಗ್ಗೆ ಒಂದು ಮಾತು ಉಳಿದಿದೆ. ಅವರಿಗೆ ನನ್ನ ಕೈಗಿಂತ ಸೋಪು ನೀರೇ ಮುಖ್ಯ. ದಿನಾ ತೊಳೆದು, ಬೆರಳ ಸಂದುಗಳನ್ನೂ ಚರ್ಮದ ಮಡಿಕೆಗಳನ್ನೂ ಒತ್ತಿ ಒರೆಸಿ ಒಣಗಿಸಬೇಕು. ಅಲ್ಲಿ ಬಿರುಕೋ ಶಿಲೀಂಧ್ರವೋ ಇದ್ದರೆ ಅದಕ್ಕೆ ಮುಲಾಮು. ಆ ಬಿರುಕಿನಿಂದಲೇ ಬ್ಯಾಕ್ಟೀರಿಯಾ ಒಳಹೊಕ್ಕು ಜ್ವರ ಬರುವುದು, ಪ್ರತಿ ಜ್ವರಕ್ಕೂ ಕಾಲು ಇನ್ನಷ್ಟು ಗಟ್ಟಿಯಾಗುವುದು. ಚಳಿಜ್ವರ ಬಂದು ಕಾಲು ಕೆಂಪಾದರೆ ಅವತ್ತೇ ವೈದ್ಯರ ಬಳಿ ಹೋಗಿ ಆಂಟಿಬಯೋಟಿಕ್ ಶುರು ಮಾಡಬೇಕು. ಅಷ್ಟು ದಿನ ಮಾಲೀಶೂ ಇಲ್ಲ, ಬ್ಯಾಂಡೇಜೂ ಇಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗುವುದಷ್ಟೇ.