ಸ್ಥೂಲಕಾಯದ ರೋಗಿಗೆ ಮೂಗಿನ ನಳಿಕೆಯಿಂದ ಆಹಾರ ಕೊಡುವಾಗ

ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಹೊಟ್ಟೆಯ ಕೊಬ್ಬು ಜಠರವನ್ನು ಒತ್ತುತ್ತಿರುವುದರಿಂದ, ಅಂಗಾತ ಮಲಗಿಸಿದರೆ ಆಹಾರ ಅನ್ನನಾಳಕ್ಕೆ ಮರಳಿ ಶ್ವಾಸಕೋಶಕ್ಕೂ ಇಳಿಯಬಹುದು.

ತಲೆ ಎತ್ತರಿಸಿದರಷ್ಟೇ ಸಾಲದು. ಭಾರಕ್ಕೆ ದೇಹ ಮೆಲ್ಲಗೆ ಕೆಳಕ್ಕೆ ಜಾರಿ, ಸೊಂಟದ ಬದಲು ಹೊಟ್ಟೆಯ ನಡುವೆಯೇ ಮಡಚಿಕೊಳ್ಳುತ್ತದೆ. ಒತ್ತಡ ಮತ್ತಷ್ಟು ಏರುತ್ತದೆ. ಮಂಚ ಮಡಚುವ ಜಾಗಕ್ಕೇ ಸೊಂಟ ಬರುವಂತೆ ಮಲಗಿಸಿ, ಮೊದಲು ಮೊಣಕಾಲಿನ ಭಾಗ ತುಸು ಎತ್ತಿ, ಆಮೇಲೆ ತಲೆಭಾಗ ಎತ್ತಿ. ಜಾರಿದವರನ್ನು ಕಂಕುಳಿಗೆ ಕೈಹಾಕಿ ಎಳೆಯಬೇಡಿ, ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಪೆಟ್ಟು. ಆಹಾರ ನಿಲ್ಲಿಸಿ, ಸ್ಲೈಡ್ ಶೀಟ್ (ರೋಗಿಯನ್ನು ಸುಲಭವಾಗಿ ಸರಿಸಲು ಅಡಿಗೆ ಹಾಕುವ ನುಣುಪಾದ ಬಟ್ಟೆ) ಹಾಕಿ, ಸಾಕಷ್ಟು ಜನ ಸೇರಿ ಸರಿಸಿ.

ನಳಿಕೆಯ ತುದಿ ಜಠರದಲ್ಲೇ ಇದೆಯೇ ಎಂದು ತಿಳಿಯಲು, ಆಹಾರ ಕೊಡುವ ಮುನ್ನ ಪ್ರತಿ ಬಾರಿಯೂ ಮೂಗಿನ ಹೊಳ್ಳೆಯ ಬಳಿ ನಳಿಕೆಯ ಸೆಂಟಿಮೀಟರ್ ಗುರುತು ನೋಡಿ, ಒಳಗಿನ ದ್ರವ ಎಳೆದು ಪಿಎಚ್ (ಆಮ್ಲೀಯತೆಯ ಅಳತೆ) ಪರೀಕ್ಷಿಸಿ. 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು ತೋರಿಸಬಹುದು. ಅನುಮಾನವಿದ್ದರೆ ಆಹಾರ ತಡೆದು ವೈದ್ಯರಿಗೆ ತಿಳಿಸಿ, ಎಕ್ಸ್‌ರೇ ಆಗಲಿ. ಗಾಳಿ ಊದಿ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿ ನಂಬುವಂಥದ್ದಲ್ಲ, ದಪ್ಪ ಹೊಟ್ಟೆಯಲ್ಲಂತೂ ಬೇಡವೇ ಬೇಡ.

ನೀರಿಗೆ ಮಿತಿ ಇಲ್ಲದ ವಯಸ್ಕರಿಗೆ ಆಹಾರದ ಮೊದಲೂ ನಂತರವೂ ಸುಮಾರು 30 ಮಿ.ಲೀ. ನೀರು ಹಾಯಿಸಿ. ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಅದೇ ಭಂಗಿ. ಹೊಟ್ಟೆ ಬಿಗಿದರೆ, ವಾಂತಿ ಬಂದರೆ, ಕೆಮ್ಮು ಶುರುವಾದರೆ ತಕ್ಷಣ ನಿಲ್ಲಿಸಿ.

ಕೊನೆಗೆ ಚರ್ಮದ ಮಡಿಕೆಗಳನ್ನು ಬಿಡಿಸಿ ನೋಡಿ. ನಳಿಕೆಯ ಮುಚ್ಚಳ ಅಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡಿರಬಹುದು.