ಮೋಲ್ ಬೇರೆ, ಮೋಳ್ ಬೇರೆ

ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವರಿಗೆ, ಕಣಗಳನ್ನು ಎಣಿಸುವ ಮಾನವಾದ ಮೋಲ್‌ನ ಪಾಠದ ದಿನ ಕೆಲಸ ಒಂದಿಷ್ಟು ಹೆಚ್ಚು. ಹಲಗೆಯ ಮೇಲೆ ಆ ಪದ ಬರೆದೊಡನೆ ಹಿಂದಿನ ಬೆಂಚಿನಿಂದ ‘ಮೋಳೇ’ ಎಂಬ ಕರೆ ಕೇಳುತ್ತದೆ. ಮಲಯಾಳದಲ್ಲಿ ಮೋಳ್ ಎಂದರೆ ಮಗಳು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ ಎಂದು ಬೆಳೆದ ಮಕ್ಕಳು ನಗದಿದ್ದರೇ ಆಶ್ಚರ್ಯ. ನಾನು ಗದರುವುದಿಲ್ಲ. ನಗು ಮುಗಿದ ಮೇಲೆ ಇಂಗ್ಲಿಷ್ ನಿಘಂಟನ್ನು ಕೈಗೆ ಕೊಟ್ಟು ಆ ಪದದ ಅರ್ಥಗಳನ್ನೆಲ್ಲ ಓದಿಸುತ್ತೇನೆ.

ಮೊದಲು ಸಿಗುವುದು ಪ್ರಾಣಿ. ಹೆಗ್ಗಣ ಎಂದು ಯಾರಾದರೂ ಅನುವಾದಿಸಿಬಿಡುತ್ತಾರೆ. ಹೆಗ್ಗಣ ಇಲಿಯ ಬಳಗ, ಹಿತ್ತಿಲಿನ ಗೆಡ್ಡೆಗಳ ಶತ್ರು. ಯುರೋಪಿನ ಮೋಲ್ ಎರೆಹುಳು ತಿಂದು ಬದುಕುವ, ತುಪ್ಪಳದಲ್ಲಿ ಹುದುಗಿದ ಪುಟ್ಟ ಕಣ್ಣುಗಳ, ಅಗಲವಾದ ಮುಂಗಾಲುಗಳಿಂದ ಸುರಂಗ ತೋಡುವ ಜೀವಿ; ನಮ್ಮ ಕರಾವಳಿಯಲ್ಲಿ ಇಲ್ಲ. ಶತ್ರುಪಾಳಯದೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರುವ ಗೂಢಚಾರನಿಗೂ ಇದೇ ಹೆಸರು. ಮೈಮೇಲಿನ ಮಚ್ಚೆಯೂ ಮೋಲ್, ಆದರೆ ಅದರ ಮೂಲ ಕಲೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ, ಪ್ರಾಣಿಯ ನಂಟಿಲ್ಲ.

ನನಗೆ ಪ್ರಯೋಜನಕ್ಕೆ ಬರುವುದು ಎಲ್ಲರೂ ಓದದೆ ದಾಟುವ ಅರ್ಥ: ಬಂದರಿನ ರಕ್ಷಣೆಗೆ ಕಡಲಿಗೆ ಚಾಚಿದ ಕಲ್ಲಿನ ಕಟ್ಟೆ. ಮಂಜೇಶ್ವರದ ಮೀನುಗಾರಿಕಾ ಬಂದರಿನಲ್ಲಿ ಅಂಥದ್ದನ್ನು ಮಕ್ಕಳು ಕಂಡಿದ್ದಾರೆ. ಲ್ಯಾಟಿನಿನ ‘ಮೋಲೆಸ್’ ಎಂದರೆ ರಾಶಿ, ಭಾರಿ ಗಾತ್ರ. ಪುಟ್ಟ ರಾಶಿ ಎಂಬ ಅದರ ಕಿರುರೂಪದಿಂದ ಮಾಲಿಕ್ಯೂಲ್ ಬಂತು, ಅಂದರೆ ನಮ್ಮ ಅಣು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಸಾಯನವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಜರ್ಮನ್ ಭಾಷೆಯಲ್ಲಿ ಅದನ್ನೇ ಮೊಟಕುಗೊಳಿಸಿ ಮೋಲ್ ಎಂದು ಬಳಕೆಗೆ ತಂದರು. 1971ರಲ್ಲಿ ಅದು ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿತು. 2019ರಿಂದ ಒಂದು ಮೋಲ್ ಎಂದರೆ ನಿಖರವಾಗಿ 6.02214076×10²³ ಕಣಗಳು. ಅಮೆರಿಕದಲ್ಲಿ ಅಕ್ಟೋಬರ್ 23ರಂದು ಮೋಲ್ ದಿನ ಆಚರಿಸುವವರು ಸುರಂಗದ ಪ್ರಾಣಿಯ ಚಿತ್ರವನ್ನೇ ಅಂಟಿಸುತ್ತಾರೆ. ತಮಾಷೆಗೆ ಸರಿ, ವಂಶಾವಳಿಗೆ ಸರಿಯಲ್ಲ.

ರಾಶಿ ಎಂದ ಮೇಲೆ ತೂಗಿ ತೋರಿಸಬೇಕು. 18 ಗ್ರಾಂ ನೀರು, 58.5 ಗ್ರಾಂ ಉಪ್ಪು, 342 ಗ್ರಾಂ ಸಕ್ಕರೆ, ಹೀಗೆ ಒಂದೊಂದರ ಒಂದು ಮೋಲ್ ಅನ್ನು ಮೇಜಿನ ಮೇಲಿಡುತ್ತೇನೆ. ಒಂದು ಗುಟುಕಿನಷ್ಟು ನೀರಿನಲ್ಲೂ ಡಬ್ಬ ತುಂಬಿದ ಸಕ್ಕರೆಯಲ್ಲೂ ಅಣುಗಳ ಸಂಖ್ಯೆ ಒಂದೇ ಎಂದರೆ ಅರ್ಧ ತರಗತಿ ಒಪ್ಪುವುದಿಲ್ಲ. ಸಕ್ಕರೆಯ ಒಂದೊಂದು ಅಣುವೂ ಹತ್ತೊಂಬತ್ತು ಪಟ್ಟು ಭಾರ ಎಂದು ಅವರಲ್ಲೇ ಯಾರಾದರೂ ಲೆಕ್ಕ ಹಾಕಿ ಹೇಳುವ ತನಕ ನಾನು ಬಾಯಿ ಬಿಡುವುದಿಲ್ಲ. ಉಪ್ಪಿನಲ್ಲಿ ಅಣುಗಳಿಲ್ಲ, ವಿದ್ಯುದಾವೇಶವುಳ್ಳ ಕಣಗಳಾದ ಅಯಾನುಗಳಿವೆ ಎಂಬ ತಕರಾರನ್ನು ಮಾತ್ರ ಮರುದಿನದ ಪಾಠಕ್ಕೆ ಬಿಡುತ್ತೇನೆ.